ಬಣ್ಣ ಉಳಿಯಿತು, ಕುರ್ಚಿ ಯಾಕೆ ಮುರಿಯಿತು?

ಪ್ರಶ್ನೆ: ನಾವು ಪಾಲಿಪ್ರೊಪಿಲೀನ್‌ನಲ್ಲಿ ಹೊರಗೆ ಹಾಕುವ ಕುರ್ಚಿಗಳನ್ನು ಮೋಲ್ಡ್ ಮಾಡುತ್ತೇವೆ. ಕಪ್ಪು, ಬಿಳಿ, ಕೆಂಪು, ನೀಲಿ ಹೀಗೆ ನಾಲ್ಕು ಬಣ್ಣ. ಮೋಲ್ಡ್ ಒಂದೇ, ರೆಸಿನ್ (ಮೂಲ ಪ್ಲಾಸ್ಟಿಕ್) ಗ್ರೇಡ್ ಒಂದೇ, ಬಿಸಿಲಿನ ಅತಿನೇರಳೆ (ಯುವಿ) ಕಿರಣಗಳಿಂದ ಪ್ಲಾಸ್ಟಿಕ್ ಕೆಡದಂತೆ ಹಾಕುವ ಯುವಿ ಸ್ಟೆಬಿಲೈಸರ್ ಪ್ರಮಾಣವೂ ಒಂದೇ. ಎರಡು ವರ್ಷ ಬಿಸಿಲಲ್ಲಿ ಇದ್ದ ಮೇಲೆ ಕಪ್ಪು ಕುರ್ಚಿಗೆ ಏನೂ ಆಗಿಲ್ಲ. ಬಿಳಿಯದನ್ನು ಮುಟ್ಟಿದರೆ ಕೈಗೆ ಪುಡಿ ಅಂಟುತ್ತದೆ. ಕೆಂಪು ಮಂಕಾಗಿದೆ, ಆದರೆ ಗಟ್ಟಿ ಇದೆ. ನೀಲಿಯ ಬಣ್ಣ ಹೊಸದರ ಹಾಗೇ ಇದೆ, ಆದರೆ ಕಾಲು ಬಿರುಕು ಬಿಟ್ಟು ಮುರಿಯುತ್ತಿದೆ. ಖರ್ಚು ಇಳಿಸಲು ಫಿಲ್ಲರ್ ಆಗಿ, ಅಂದರೆ ರೆಸಿನ್ ಉಳಿಸಲು ತುಂಬುವ ಅಗ್ಗದ ಪುಡಿಯಾಗಿ, 20% ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಲು ಶುರು ಮಾಡಿದ ಮೇಲೆ ಬಿರುಕಿನ ದೂರು ಜಾಸ್ತಿಯಾಗಿದೆ. ಪಿಗ್ಮೆಂಟ್ (ಬಣ್ಣದ ಪುಡಿ) ಹಾಕಿದರೆ ಪ್ಲಾಸ್ಟಿಕ್‌ಗೆ ಬಿಸಿಲಿನಿಂದ ರಕ್ಷಣೆ ಸಿಗುತ್ತದೆ ಅಲ್ವಾ? ಮತ್ತೆ ಇಷ್ಟು ವ್ಯತ್ಯಾಸ ಯಾಕೆ? ತಪ್ಪು ಫಿಲ್ಲರ್‌ದೇ?

ಉತ್ತರ: ನಿಮ್ಮ ನಾಲ್ಕು ಕುರ್ಚಿಗಳಲ್ಲಿ ನಾನು ಮೊದಲು ಕೈಗೆತ್ತಿಕೊಳ್ಳುವುದು ನೀಲಿಯನ್ನು. ಮಾಸಿದ ಕುರ್ಚಿಯಿಂದ ಯಾರಿಗೂ ಪೆಟ್ಟಾಗುವುದಿಲ್ಲ. ಮುರಿಯುವ ಕುರ್ಚಿಯಿಂದ ಕುಳಿತವರು ಬೀಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಈ ಒಂದು ಕುರ್ಚಿಯಲ್ಲೇ ಇದೆ. ಬಣ್ಣ ತಾನು ಬಿಸಿಲನ್ನು ತಾಳಿಕೊಳ್ಳುವುದು ಒಂದು ವಿಷಯ. ಆ ಬಣ್ಣ ತನ್ನ ಸುತ್ತಲಿನ ಪ್ಲಾಸ್ಟಿಕ್ಕನ್ನು ಬಿಸಿಲಿನಿಂದ ಕಾಯುವುದು ಬೇರೆಯೇ ವಿಷಯ. ಮಾಸ್ಟರ್‌ಬ್ಯಾಚ್ (ಪಿಗ್ಮೆಂಟ್, ಫಿಲ್ಲರ್ ಥರದ್ದನ್ನು ಸ್ವಲ್ಪ ಪ್ಲಾಸ್ಟಿಕ್‌ನಲ್ಲಿ ದಟ್ಟವಾಗಿ ಬೆರೆಸಿದ ಕಾಳು) ಮಾರುವವರು ‘ಲೈಟ್ ಫಾಸ್ಟ್‌ನೆಸ್ 8’ ಎಂದು ಬರೆದುಕೊಟ್ಟಾಗ ಅವರು ಹೇಳುತ್ತಿರುವುದು ಮೊದಲನೆಯದನ್ನು ಮಾತ್ರ. ಅದು ಬ್ಲೂ ವೂಲ್ ಸ್ಕೇಲ್‌ನ ಅಂಕಿ. 1 ಅಂದರೆ ಬೇಗ ಮಾಸುವ ಬಣ್ಣ, 8 ಅಂದರೆ ಬಹಳ ಕಾಲ ನಿಲ್ಲುವ ಬಣ್ಣ. ಪ್ಲಾಸ್ಟಿಕ್ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ.

ಬಿಸಿಲು ಪ್ಲಾಸ್ಟಿಕ್‌ಗೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡಿಬಿಡೋಣ, ಮುಂದಿನದೆಲ್ಲ ಸುಲಭವಾಗುತ್ತದೆ. ನೆಲ ಮುಟ್ಟುವ ಬಿಸಿಲಿನ ಶಕ್ತಿಯಲ್ಲಿ ಯುವಿ ಕಿರಣಗಳ ಪಾಲು ಸುಮಾರು 5-6% ಅಷ್ಟೇ. ಅಲೆಯ ಉದ್ದದ ಲೆಕ್ಕದಲ್ಲಿ ಅದು ಸುಮಾರು 295ರಿಂದ 400 ನ್ಯಾನೊಮೀಟರ್ ನಡುವಿನ ಭಾಗ. ಅದಕ್ಕಿಂತ ಚಿಕ್ಕ ಅಲೆಗಳನ್ನು ಓಝೋನ್ ಮೇಲೆಯೇ ತಡೆಯುತ್ತದೆ. ಪಾಲು ಚಿಕ್ಕದಾದರೂ ಏಟು ದೊಡ್ಡದು. 300 ನ್ಯಾನೊಮೀಟರ್ ಕಿರಣದ ಶಕ್ತಿ ಒಂದು ಮೋಲ್‌ಗೆ ಸುಮಾರು 400 ಕಿಲೊಜೂಲ್. ಕಾರ್ಬನ್-ಕಾರ್ಬನ್ ಕೊಂಡಿ ಕಳಚಲು ಸುಮಾರು 350 ಸಾಕು.

ವಿಚಿತ್ರ ಅಂದರೆ, ಪೂರ್ತಿ ಶುದ್ಧ ಪಾಲಿಪ್ರೊಪಿಲೀನ್ ಈ ಕಿರಣಗಳನ್ನು ಹೀರಬಾರದು. ಹೀರುವುದು ಅದರೊಳಗಿನ ಕಸ. ತಯಾರಿಕೆಯಲ್ಲಿ ಉಳಿದುಹೋದ ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕಾಗಿಸುವ ವಸ್ತು) ಚೂರು, ಮೋಲ್ಡಿಂಗ್ ಬಿಸಿಯಲ್ಲಿ ಹುಟ್ಟಿದ ಹೈಡ್ರೊಪೆರಾಕ್ಸೈಡ್ ಮತ್ತು ಕಾರ್ಬೊನಿಲ್ ಗುಂಪುಗಳು, ಇವೇ ಯುವಿಯನ್ನು ಹಿಡಿಯುತ್ತವೆ. ಅಲ್ಲಿ ಕೊಂಡಿ ಕಳಚಿ, ಸಿಕ್ಕಿದ್ದರ ಜೊತೆ ಕೂಡಲು ಹವಣಿಸುವ ಅಣುವಿನ ತುಂಡು, ಅಂದರೆ ಫ್ರೀ ರ‍್ಯಾಡಿಕಲ್ ಹುಟ್ಟುತ್ತದೆ. ಅದು ಗಾಳಿಯ ಆಮ್ಲಜನಕದ ಜೊತೆ ಸೇರುತ್ತದೆ, ಪಕ್ಕದ ಸರಪಳಿಯಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಹೊಸ ಹೈಡ್ರೊಪೆರಾಕ್ಸೈಡ್ ಆಗುತ್ತದೆ. ಅದು ಮತ್ತೆ ಒಡೆದು ಇನ್ನಷ್ಟು ರ‍್ಯಾಡಿಕಲ್ ಕೊಡುತ್ತದೆ. ಪಾಲಿಪ್ರೊಪಿಲೀನ್‌ನಲ್ಲಿ ಒಂದು ಕಾರ್ಬನ್ ಬಿಟ್ಟು ಒಂದು ಕಾರ್ಬನ್‌ಗೆ ಮೀಥೈಲ್ ಗುಂಪು ಅಂಟಿಕೊಂಡಿರುತ್ತದೆ. ಆ ಜಾಗದ ಹೈಡ್ರೋಜನ್ ಬಹಳ ಸುಲಭವಾಗಿ ಕಳಚುತ್ತದೆ. ಪಾಲಿಎಥಿಲೀನ್‌ಗಿಂತ ಪಾಲಿಪ್ರೊಪಿಲೀನ್ ಬಿಸಿಲಿಗೆ ಬೇಗ ಸೋಲುವುದು ಇದಕ್ಕೇ.

ಇನ್ನೊಂದು ಮಾತು ನೆನಪಿಡಿ. ಇದೆಲ್ಲ ನಡೆಯುವುದು ಬಹುತೇಕ ಮೇಲ್ಮೈಯಲ್ಲಿ. ಬೆಳಕೂ ಆಮ್ಲಜನಕವೂ ಎರಡೂ ಧಾರಾಳವಾಗಿ ಸಿಗುವುದು ಅಲ್ಲೇ. ಕುರ್ಚಿಯ ಕಾಲು 4 ಮಿಲಿಮೀಟರ್ ದಪ್ಪ ಇರಬಹುದು, ಕೆಡುವುದು ಮೇಲಿನ ಒಂದು ತೆಳು ಪದರ. ಆದರೆ ಆ ಪದರ ಗಾಜಿನ ಹಾಗೆ ಪೆಡಸಾದರೆ ಸಾಕು. ಭಾರ ಬಿದ್ದಾಗ ಮೊದಲ ಬಿರುಕು ಅಲ್ಲಿ ಏಳುತ್ತದೆ, ಒಳಗಿನ ಗಟ್ಟಿ ಪ್ಲಾಸ್ಟಿಕ್ಕನ್ನೂ ಸೀಳಿಕೊಂಡು ಹೋಗುತ್ತದೆ.

ಈಗ ನೀಲಿಗೆ ಬರೋಣ. ಇಂದು ಪ್ಲಾಸ್ಟಿಕ್‌ನಲ್ಲಿ ಗಾಢ ನೀಲಿ ಅಂದರೆ ಹೆಚ್ಚಾಗಿ ತಾಮ್ರದ ಥ್ಯಾಲೊಸಯನಿನ್ ಪಿಗ್ಮೆಂಟ್. ಬಿಸಿಲು, ಬಿಸಿ, ಆಮ್ಲ ಯಾವುದಕ್ಕೂ ಜಗ್ಗದ ಬಣ್ಣ ಅದು. ಬಣ್ಣ ಕೊಡುವ ಶಕ್ತಿಯೂ ಬಹಳ. ಅದೇ ಇಲ್ಲಿ ತೊಂದರೆ. 0.1-0.2% ಹಾಕಿದರೇ ಕಣ್ಣಿಗೆ ಬೇಕಾದ ನೀಲಿ ಬಂದುಬಿಡುತ್ತದೆ. ಅಷ್ಟು ಕಡಿಮೆ ಪಿಗ್ಮೆಂಟ್ ಯುವಿಯನ್ನು ತಡೆಯುವ ಗೋಡೆಯಾಗಲಾರದು. ಕಣ್ಣಿಗೆ ಕುರ್ಚಿ ಗಾಢವಾಗಿ ಕಾಣುತ್ತದೆ, ಯುವಿಗೆ ಅದು ಹೆಚ್ಚುಕಡಿಮೆ ತೆರೆದ ಬಾಗಿಲು. ಬಣ್ಣ ಗಾಢವಾಗಿದ್ದರೆ ರಕ್ಷಣೆಯೂ ಜಾಸ್ತಿ ಎಂದು ಅನೇಕರು ನಂಬಿದ್ದಾರೆ. ಕಪ್ಪಿನ ವಿಷಯದಲ್ಲಿ ಅದು ನಿಜ. ಉಳಿದ ಬಣ್ಣಗಳಲ್ಲಿ ಅದನ್ನು ನಂಬಿ ಕುರ್ಚಿ ಮಾಡಬಾರದು.

ಥ್ಯಾಲೊಸಯನಿನ್‌ಗೆ ಇನ್ನೊಂದು ಗುಣ ಇದೆ. ಕರಗಿದ ಪ್ಲಾಸ್ಟಿಕ್ ತಣ್ಣಗಾಗುವಾಗ ಹರಳುಗಟ್ಟುವುದಕ್ಕೆ ಅದು ಬೀಜದ ಹಾಗೆ ಕೆಲಸ ಮಾಡುತ್ತದೆ. ಆಗ ಕುಗ್ಗುವ ಅಳತೆ ಬದಲಾಗುತ್ತದೆ, ಹರಿದ ದಿಕ್ಕಿನಲ್ಲಿ ಒಂದು ಥರ, ಅಡ್ಡಕ್ಕೆ ಇನ್ನೊಂದು ಥರ. ನೀಲಿ ಮತ್ತು ಹಸಿರು ಮುಚ್ಚಳಗಳು ಸೊಟ್ಟಗಾಗುವ ದೂರು ಮೋಲ್ಡಿಂಗ್‌ನವರಿಗೆ ಹೊಸದಲ್ಲ. ಸೊಟ್ಟಗಾಗದೆ ನಿಂತ ತುಂಡಿನಲ್ಲೂ ಆ ಎಳೆತ ಒಳಗೇ ಉಳಿದಿರುತ್ತದೆ. ಎಳೆತದಲ್ಲಿರುವ ಮೇಲ್ಮೈ ಬಿಸಿಲಿಗೆ ಪೆಡಸಾದಾಗ ಬಿರುಕು ಬೇಗ ಬಾಯಿ ಬಿಡುತ್ತದೆ. ನಿಮ್ಮ ಬಿರುಕು ಕಾಲಿನಲ್ಲೇ, ಅದರಲ್ಲೂ ಮೂಲೆಯ ಹತ್ತಿರವೇ ಬರುತ್ತಿದ್ದರೆ ಇದೂ ಒಂದು ಕಾರಣ ಇರಬಹುದು. ನಿಮ್ಮದು ಅಲ್ಟ್ರಾಮರೀನ್ ನೀಲಿಯಾಗಿದ್ದರೆ ಕಥೆ ಸ್ವಲ್ಪ ಬೇರೆ. ಅದು ಹೀಗೆ ಸೊಟ್ಟಗೆ ಮಾಡುವುದಿಲ್ಲ. ಆದರೆ ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.5, ಪ್ಲಾಸ್ಟಿಕ್‌ನದೂ ಅಷ್ಟೇ. ಹಾಗಾಗಿ ಬೆಳಕನ್ನು ಚದುರಿಸಿ ತಡೆಯುವ ಶಕ್ತಿ ಇಲ್ಲ. ಆಮ್ಲ ತಾಗಿದರೆ ಬಣ್ಣವನ್ನೂ ಕಳೆದುಕೊಳ್ಳುತ್ತದೆ.

ಎರಡರಲ್ಲಿ ಯಾವುದೇ ಆಗಲಿ, ತೀರ್ಮಾನ ಒಂದೇ. ನೀಲಿ ಕುರ್ಚಿಯನ್ನು ಬಣ್ಣವಿಲ್ಲದ ಕುರ್ಚಿ ಎಂದೇ ಭಾವಿಸಿ ಸ್ಟೆಬಿಲೈಸರ್ ಹಾಕಬೇಕು.

ಕಪ್ಪು ಯಾಕೆ ಗೆದ್ದಿತು ಎಂಬುದು ಈಗ ಊಹಿಸಬಹುದು. ಕಪ್ಪಿಗೆ ಬಳಸುವ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಪುಡಿ ಯುವಿಯನ್ನೂ ಕಣ್ಣಿಗೆ ಕಾಣುವ ಬೆಳಕನ್ನೂ ಎರಡನ್ನೂ ಹೀರಿ ಬಿಸಿಯಾಗಿ ಬದಲಿಸುತ್ತದೆ. ಕಿರಣ ಒಳಗೆ ಇಳಿಯುವುದೇ ಇಲ್ಲ. ಅದರ ಮೈಮೇಲೆ ಇರುವ ಕ್ವಿನೋನ್, ಫೀನಾಲ್ ಥರದ ಗುಂಪುಗಳು ರ‍್ಯಾಡಿಕಲ್‌ಗಳನ್ನೂ ಹಿಡಿದು ಸುಮ್ಮನಾಗಿಸುತ್ತವೆ. ಇದು ಹಳೆಯ ಜ್ಞಾನ. ಟೆಲಿಫೋನ್ ಕೇಬಲ್‌ಗೆ ಪಾಲಿಎಥಿಲೀನ್ ಹೊದಿಕೆ ಬಂದ ಕಾಲದಲ್ಲೇ, ಅಂದರೆ 1950ರ ಆಸುಪಾಸಿನಲ್ಲಿ, ಅಮೆರಿಕದ ಬೆಲ್ ಲ್ಯಾಬೊರೇಟರೀಸ್‌ನವರು ಇದನ್ನು ಹೊರಗೆ ಬಿಸಿಲಲ್ಲಿಟ್ಟು ಪರೀಕ್ಷಿಸಿದ್ದರು. ಇವತ್ತಿಗೂ ಪಾಲಿಎಥಿಲೀನ್ ನೀರಿನ ಪೈಪುಗಳ ಐಎಸ್‌ಒ 4427 ಮಾನದಂಡ ಕಪ್ಪು ಪೈಪಿಗೆ 2ರಿಂದ 2.5% ಕಾರ್ಬನ್ ಬ್ಲ್ಯಾಕ್ ಕೇಳುತ್ತದೆ.

ಆದರೆ ಕಪ್ಪು ಕಂಡ ಮಾತ್ರಕ್ಕೆ ರಕ್ಷಣೆ ಸಿಕ್ಕಿತು ಎಂದುಕೊಳ್ಳಬೇಡಿ. ಕಣ್ಣಿಗೆ ಕಪ್ಪಾಗಿ ಕಾಣಲು 0.5% ಸಾಕು. ಬಿಸಿಲು ತಡೆಯಲು ಅದು ಸಾಲದು. ಇಲ್ಲಿ ಒಂದು ಲೆಕ್ಕ ಪದೇ ಪದೇ ತಪ್ಪುತ್ತದೆ. ‘ಕಪ್ಪು 2% ಹಾಕಿದ್ದೇವೆ’ ಎಂದು ಹೇಳುತ್ತಾರೆ. ಕೇಳಿದರೆ ಅದು ಮಾಸ್ಟರ್‌ಬ್ಯಾಚ್‌ನ 2%. ಮಾಸ್ಟರ್‌ಬ್ಯಾಚ್‌ನಲ್ಲಿ ಕಾರ್ಬನ್ ಬ್ಲ್ಯಾಕ್ ಇರುವುದೇ 40% ಅಂದರೆ, ಕುರ್ಚಿಗೆ ಸಿಕ್ಕಿದ್ದು ಬರೀ 0.8%. ಪೂರ್ತಿ 2% ಬೇಕಿದ್ದರೆ ಆ ಮಾಸ್ಟರ್‌ಬ್ಯಾಚ್ 5% ಹಾಕಬೇಕು. ಅಗ್ಗದ ಕಪ್ಪು ಮಾಸ್ಟರ್‌ಬ್ಯಾಚ್‌ಗಳಲ್ಲಿ ಕಾರ್ಬನ್ ಬ್ಲ್ಯಾಕ್ ಕಡಿಮೆ ಇಟ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿರುವುದೂ ಉಂಟು. ಆಗ ಲೆಕ್ಕ ಇನ್ನೂ ಕೆಳಗಿಳಿಯುತ್ತದೆ.

ಕಣದ ಗಾತ್ರವೂ ಅಷ್ಟೇ ಮುಖ್ಯ. ಮೂಲ ಕಣ 20-25 ನ್ಯಾನೊಮೀಟರ್ ಇರುವ ಕಾರ್ಬನ್ ಬ್ಲ್ಯಾಕ್ ಹೊರಗಿನ ಬಳಕೆಗೆ ಒಳ್ಳೆಯದು. ಟೈರಿನಂಥ ರಬ್ಬರ್ ಕೆಲಸಕ್ಕೆ ಬಳಸುವ 60 ನ್ಯಾನೊಮೀಟರ್‌ನಂಥ ದಪ್ಪ ಕಣದ್ದು ಅಗ್ಗ, ಸುಲಭವಾಗಿ ಕಲೆಯುತ್ತದೆ, ಆದರೆ ಅದೇ ತೂಕದಲ್ಲಿ ಕಡಿಮೆ ಬೆಳಕನ್ನು ತಡೆಯುತ್ತದೆ. ಸಣ್ಣ ಕಣದ ಕಷ್ಟ ಅಂದರೆ ಅದು ಗಂಟುಗಟ್ಟುತ್ತದೆ. ಗಂಟು ಉಳಿದರೆ ಎರಡು ನಷ್ಟ. ಗಂಟಿನ ಒಳಗಿನ ಕಾರ್ಬನ್ ಯಾವ ಕೆಲಸಕ್ಕೂ ಬರುವುದಿಲ್ಲ, ಗಂಟುಗಳ ನಡುವೆ ಯುವಿ ಒಳಗಿಳಿಯಲು ದಾರಿ ಬಿಡುತ್ತದೆ. ಜೊತೆಗೆ ಗಂಟೇ ಬಿರುಕು ಹುಟ್ಟುವ ಜಾಗವಾಗುತ್ತದೆ. ಇದನ್ನು ನೋಡಲು ದೊಡ್ಡ ಪ್ರಯೋಗಾಲಯ ಬೇಡ. ಕುರ್ಚಿಯಿಂದ ಸಾಸಿವೆಯಷ್ಟು ಚೂರು ಕತ್ತರಿಸಿ, ಎರಡು ಗಾಜಿನ ಸ್ಲೈಡ್ ನಡುವೆ ಬಿಸಿ ಮಾಡಿ ಒತ್ತಿ ತೆಳು ಮಾಡಿ. ಸಾಧಾರಣ ಮೈಕ್ರೊಸ್ಕೋಪ್‌ನಲ್ಲಿ 100 ಪಟ್ಟು ದೊಡ್ಡದಾಗಿಸಿ ನೋಡಿ. ಕಪ್ಪು ಚುಕ್ಕೆಗಳೂ ಬಿಳಿ ಗೆರೆಗಳೂ ಕಂಡರೆ ಕಲೆತದ್ದು ಸಾಲದು. ಪೈಪಿನವರು ಐಎಸ್‌ಒ 18553ರ ಪ್ರಕಾರ ಮಾಡುವ ಪರೀಕ್ಷೆಯ ತಿರುಳು ಇದೇ.

ಕಪ್ಪಿಗೂ ಒಂದು ಬೆಲೆ ಇದೆ. ಅದು ಕಾಯುತ್ತದೆ, ಅಂದರೆ ಬಿಸಿಯಾಗುತ್ತದೆ. ನೇರ ಬಿಸಿಲಲ್ಲಿ ಕಪ್ಪು ಮೇಲ್ಮೈ ಸುತ್ತಲಿನ ಗಾಳಿಗಿಂತ ಎಷ್ಟೋ ಡಿಗ್ರಿ ಮೇಲೇರುತ್ತದೆ. ಬಿಸಿ 10 ಡಿಗ್ರಿ ಏರಿದರೆ ಕೆಡುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಅಂದಾಜು ಈ ಕೆಲಸದಲ್ಲಿ ರೂಢಿಯಲ್ಲಿದೆ. ಜೊತೆಗೆ ಕಾರ್ಬನ್ ಬ್ಲ್ಯಾಕ್‌ನ ದೊಡ್ಡ ಮೈ ಕೆಲವು ಆಂಟಿಆಕ್ಸಿಡೆಂಟ್‌ಗಳನ್ನು ತನಗೇ ಅಂಟಿಸಿಕೊಂಡು ಬಿಡುತ್ತದೆ. ಹಾಗಾಗಿ ಕಪ್ಪು ಕುರ್ಚಿಗೆ ಯುವಿ ಸ್ಟೆಬಿಲೈಸರ್ ಕಡಿಮೆ ಮಾಡಬಹುದು, ಬಿಸಿಯಿಂದ ಕಾಯುವ ಆಂಟಿಆಕ್ಸಿಡೆಂಟ್ ಮಾತ್ರ ಕಡಿಮೆ ಮಾಡಬಾರದು. ಇನ್‌ಫ್ರಾರೆಡ್ ಕಿರಣವನ್ನು ವಾಪಸ್ ಕಳಿಸುವ ಕ್ರೋಮಿಯಂ-ಕಬ್ಬಿಣದ ಆಕ್ಸೈಡ್ ಕಪ್ಪುಗಳೂ ಸಿಗುತ್ತವೆ. ಅವು ಕುರ್ಚಿಯನ್ನು ತಂಪಾಗಿಡುತ್ತವೆ. ಆದರೆ ಯುವಿ ತಡೆಯುವುದರಲ್ಲಿ ಕಾರ್ಬನ್ ಬ್ಲ್ಯಾಕ್‌ಗೆ ಸಮ ಅಲ್ಲ.

ಬಿಳಿಯ ವಿಷಯ ನನಗೆ ತುಂಬಾ ಇಷ್ಟವಾದದ್ದು. ಯಾಕೆಂದರೆ ಇಲ್ಲಿ ಕಾಯುವುದೂ ಕೆಡಿಸುವುದೂ ಒಂದೇ ಪಿಗ್ಮೆಂಟ್. ಬಿಳಿಗೆ ಬಳಸುವ ಟೈಟೇನಿಯಂ ಡೈಆಕ್ಸೈಡ್ 400 ನ್ಯಾನೊಮೀಟರ್‌ಗಿಂತ ಚಿಕ್ಕ ಅಲೆಗಳನ್ನು ಜೋರಾಗಿ ಹೀರುತ್ತದೆ. ಹೀಗಾಗಿ ಒಳಗಿನ ಪ್ಲಾಸ್ಟಿಕ್‌ಗೆ ಅದು ನಿಜವಾದ ರಕ್ಷಣೆ. ಆದರೆ ಅದೊಂದು ಸೆಮಿಕಂಡಕ್ಟರ್. ಹೀರಿದ ಬೆಳಕಿನಿಂದ ಅದರೊಳಗೆ ಒಂದು ಎಲೆಕ್ಟ್ರಾನ್ ಮೇಲಕ್ಕೆ ಹಾರುತ್ತದೆ, ಅದರ ಜಾಗ ಖಾಲಿ ಬೀಳುತ್ತದೆ. ಇವೆರಡೂ ಕಣದ ಮೇಲ್ಮೈಗೆ ಬಂದರೆ ಅಲ್ಲಿರುವ ನೀರು ಮತ್ತು ಆಮ್ಲಜನಕದಿಂದ ಹೈಡ್ರಾಕ್ಸಿಲ್ ಮತ್ತು ಸೂಪರ್‌ಆಕ್ಸೈಡ್ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಅವು ಸುತ್ತಲಿನ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಟೈಟೇನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿದ್ದರೆ ನೀರೇ ಒಡೆಯುತ್ತದೆ ಎಂದು 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ತೋರಿಸಿಕೊಟ್ಟರು. ತನ್ನಷ್ಟಕ್ಕೆ ಶುಚಿಯಾಗುವ ಗಾಜಿಗೆ ವರವಾದ ಅದೇ ಗುಣ ನಿಮ್ಮ ಕುರ್ಚಿಗೆ ಶಾಪ.

ಕೈಗೆ ಅಂಟುವ ಪುಡಿ ಇಲ್ಲಿಂದಲೇ ಬರುವುದು. ಮೇಲ್ಮೈಯ ಪ್ಲಾಸ್ಟಿಕ್ ತಿಂದುಹೋದಾಗ ಹಿಡಿತ ತಪ್ಪಿದ ಪಿಗ್ಮೆಂಟ್ ಕಣಗಳು ಹೊರಗೆ ನಿಲ್ಲುತ್ತವೆ. ಇದನ್ನು ಚಾಕಿಂಗ್ ಎನ್ನುತ್ತಾರೆ. ಒಳ್ಳೆಯ ಸುದ್ದಿ ಏನೆಂದರೆ, ಯುವಿಯನ್ನು ಅದೇ ಪಿಗ್ಮೆಂಟ್ ಮೇಲೆಯೇ ಮುಗಿಸಿಬಿಡುವುದರಿಂದ ಹಾನಿ ಆಳಕ್ಕೆ ಇಳಿಯುವುದು ನಿಧಾನ. ಕುರ್ಚಿ ಅಸಹ್ಯವಾಗಿ ಕಾಣುತ್ತದೆ, ಆದರೆ ನೀಲಿಯಷ್ಟು ಬೇಗ ಮುರಿಯುವುದಿಲ್ಲ. ನಿಮ್ಮ ಅನುಭವವೂ ಹಾಗೇ ಇದೆ ಅಲ್ವಾ?

ಇದಕ್ಕೆ ಪರಿಹಾರ ಇದೆ, ಅದು ಖರೀದಿಯಲ್ಲೇ ಇದೆ. ಟೈಟೇನಿಯಂ ಡೈಆಕ್ಸೈಡ್ ಎರಡು ರೂಪದಲ್ಲಿ ಸಿಗುತ್ತದೆ, ಅನಟೇಸ್ ಮತ್ತು ರೂಟೈಲ್. ಅನಟೇಸ್ ಬಹಳ ಚುರುಕು, ಪ್ಲಾಸ್ಟಿಕ್ಕನ್ನು ಬೇಗ ತಿನ್ನುತ್ತದೆ. ಒಳಾಂಗಣದ ಸಾಮಾನಿಗೆ, ನೂಲಿನ ಹೊಳಪು ಇಳಿಸುವುದಕ್ಕೆ ಅದು ಸರಿ. ಹೊರಗಿನ ಕುರ್ಚಿಗೆ ಅದನ್ನು ಹಾಕಲೇಬಾರದು. ರೂಟೈಲ್ ಅಷ್ಟು ಚುರುಕಲ್ಲ, ಅದರ ವಕ್ರೀಭವನ ಸೂಚ್ಯಂಕವೂ ಸುಮಾರು 2.7 ಇರುವುದರಿಂದ ಬಿಳಿಯೂ ಚೆನ್ನಾಗಿ ಬರುತ್ತದೆ. ಆದರೆ ರೂಟೈಲ್ ಅಂದ ಮಾತ್ರಕ್ಕೆ ಮುಗಿಯಲಿಲ್ಲ. ಹೊರಗಿನ ಬಳಕೆಯ ಗ್ರೇಡ್‌ಗಳಲ್ಲಿ ಪ್ರತಿ ಕಣದ ಮೇಲೂ ಅಲ್ಯುಮಿನಾ, ಸಿಲಿಕಾ, ಕೆಲವೊಮ್ಮೆ ಜಿರ್ಕೋನಿಯಾದ ತೆಳು ಪೊರೆ ಹೊದಿಸಿರುತ್ತಾರೆ. ಆ ಪೊರೆ ರ‍್ಯಾಡಿಕಲ್‌ಗಳು ಪ್ಲಾಸ್ಟಿಕ್ ಮುಟ್ಟದಂತೆ ತಡೆಯುತ್ತದೆ. ಮಾಸ್ಟರ್‌ಬ್ಯಾಚ್ ಕೊಡುವವರನ್ನು ಮೂರೇ ಮಾತು ಕೇಳಿ. ರೂಟೈಲ್ ಹೌದೋ ಅಲ್ಲವೋ? ಮೇಲೆ ಏನು ಹೊದಿಸಿದೆ? ಹೊರಾಂಗಣದ ಗ್ರೇಡ್ ಎಂದು ತಯಾರಕರೇ ಬರೆದುಕೊಟ್ಟಿದ್ದಾರಾ? ಉತ್ತರ ತಡವರಿಸಿದರೆ ಆ ಬಿಳಿ ನಿಮಗೆ ಬೇಡ.

ಬಿಳಿ ಹಾಕುವಾಗ ಜಿಪುಣತನವೂ ಬೇಡ. ತೀರಾ ಕಡಿಮೆ ಹಾಕಿದರೆ ಯುವಿ ಆಳಕ್ಕೆ ಇಳಿಯುತ್ತದೆ, ಅಲ್ಲಲ್ಲಿ ಇರುವ ಕಣಗಳು ತಿನ್ನುವ ಕೆಲಸ ಮಾತ್ರ ಮಾಡುತ್ತವೆ. ತೆಳು ತಿಳಿಬಣ್ಣಗಳಿಗೆ ಬರೀ ಒಂದು ಚಿಟಿಕೆ ಬಿಳಿ ಸೇರಿಸುವ ಅಭ್ಯಾಸ ಇದೇ ಕಾರಣಕ್ಕೆ ಅಪಾಯ.

ಕೆಂಪಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಉಜ್ವಲ ಕೆಂಪು ಕೊಡುವ ಅಗ್ಗದ ಅಝೋ ಪಿಗ್ಮೆಂಟ್‌ಗಳು ಬಿಸಿಲಲ್ಲಿ ತಾವೇ ಕೆಡುತ್ತವೆ. ಬಿಳಿ ಬೆರೆಸಿ ತಿಳಿ ಮಾಡಿದರೆ ಇನ್ನೂ ಬೇಗ ಮಾಸುತ್ತವೆ. ನಿಮ್ಮ ಕೆಂಪು ಮಾಸಿದರೂ ಕುರ್ಚಿ ಗಟ್ಟಿ ಇರುವುದು, ಆ ಪಿಗ್ಮೆಂಟ್ ಯುವಿಯ ಒಂದು ಪಾಲನ್ನು ತಾನೇ ಹೀರಿಕೊಂಡಿದೆ ಎಂಬುದರ ಸೂಚನೆ ಇರಬಹುದು. ಅದನ್ನು ನೆಚ್ಚಿಕೊಳ್ಳಬೇಡಿ, ಬಣ್ಣ ಹೋದ ಮೇಲೆ ಆ ರಕ್ಷಣೆಯೂ ಹೋಗುತ್ತದೆ. ಬಣ್ಣ ನಿಲ್ಲಬೇಕಿದ್ದರೆ ಕ್ವಿನಾಕ್ರಿಡೋನ್, ಡಿಪಿಪಿ, ಪೆರಿಲೀನ್ ಥರದ ದುಬಾರಿ ಪಿಗ್ಮೆಂಟ್‌ಗಳಿವೆ. ಇಟ್ಟಿಗೆಯಂಥ ಮಂಕು ಕೆಂಪು ನಡೆಯುತ್ತದೆ ಎಂದಾದರೆ ಕಬ್ಬಿಣದ ಆಕ್ಸೈಡ್ ಎಲ್ಲಕ್ಕಿಂತ ಒಳ್ಳೆಯದು. ಅದು ಮಾಸುವುದಿಲ್ಲ, ಯುವಿಯನ್ನೂ ಚೆನ್ನಾಗಿ ಹೀರುತ್ತದೆ, ಅಗ್ಗವೂ ಹೌದು. ಪಿವಿಸಿಯಲ್ಲಿ ಮಾತ್ರ ಕಬ್ಬಿಣದ ಬಗ್ಗೆ ಎಚ್ಚರ ಬೇಕು. ಅಲ್ಲಿ ಅದು ಹೈಡ್ರೋಜನ್ ಕ್ಲೋರೈಡ್ ಕಳಚುವುದನ್ನು ಚುರುಕಾಗಿಸಬಲ್ಲದು.

ಇನ್ನು ಫಿಲ್ಲರ್. ‘ತಪ್ಪು ಫಿಲ್ಲರ್‌ದೇ?’ ಎಂದು ಕೇಳಿದ್ದೀರಿ. ಪೂರ್ತಿ ಅಲ್ಲ, ಆದರೆ ಪಾಲು ಖಂಡಿತ ಇದೆ.

ಕ್ಯಾಲ್ಸಿಯಂ ಕಾರ್ಬೊನೇಟ್ ಕೈಯಲ್ಲಿ ಹಿಡಿದರೆ ಬೆಳ್ಳಗಿದೆ. ಹಾಗಾಗಿ ಟೈಟೇನಿಯಂ ಡೈಆಕ್ಸೈಡ್‌ನ ಬದಲಿಗೆ ಅದೂ ಬೆಳಕು ತಡೆಯುತ್ತದೆ ಎಂದು ತೋರುತ್ತದೆ. ಪ್ಲಾಸ್ಟಿಕ್ ಒಳಗೆ ಹೋದ ಮೇಲೆ ಆ ಬಿಳುಪು ಬಹುಪಾಲು ಮಾಯ. ಅದರ ವಕ್ರೀಭವನ ಸೂಚ್ಯಂಕ ಸುಮಾರು 1.6, ಪಾಲಿಪ್ರೊಪಿಲೀನ್‌ನದು ಸುಮಾರು 1.5. ಇಷ್ಟು ಹತ್ತಿರ ಇದ್ದರೆ ಬೆಳಕು ಹೆಚ್ಚು ಚದುರುವುದಿಲ್ಲ. ಯುವಿಯನ್ನು ಅದು ಹೀರುವುದೂ ಇಲ್ಲ. ತೂಕದಲ್ಲಿ 20% ಅಂದರೆ ಭಾರಿ ಎನಿಸುತ್ತದೆ. ಆದರೆ ಅದರ ಸಾಂದ್ರತೆ 2.7, ಪಾಲಿಪ್ರೊಪಿಲೀನ್‌ನದು 0.9. ಜಾಗದ ಲೆಕ್ಕದಲ್ಲಿ ಅದು 8% ಕೂಡ ಇಲ್ಲ. ಅಂದರೆ ಬಿಸಿಲಿಗೆ ಅಡ್ಡ ನಿಲ್ಲುವ ಕೆಲಸ ಅದರಿಂದ ಆಗುವುದಿಲ್ಲ.

ಹಾನಿ ಹೇಗೆ ಆಗುತ್ತದೆ ಎಂದರೆ, ಹಲವು ಕಡೆಯಿಂದ ಸ್ವಲ್ಪ ಸ್ವಲ್ಪವಾಗಿ. ಮೊದಲನೆಯದು ಸ್ಟೆಬಿಲೈಸರ್ ಲೆಕ್ಕ. ನೀವು ಬಹುಶಃ 80% ಫಿಲ್ಲರ್ ಇರುವ ಮಾಸ್ಟರ್‌ಬ್ಯಾಚನ್ನು 25% ಹಾಕುತ್ತಿದ್ದೀರಿ. ಆ ಮಾಸ್ಟರ್‌ಬ್ಯಾಚ್‌ನ ಉಳಿದ 20% ಕ್ಯಾರಿಯರ್ ರೆಸಿನ್, ಅಂದರೆ ಫಿಲ್ಲರನ್ನು ಹೊತ್ತಿರುವ ಪ್ಲಾಸ್ಟಿಕ್. ಅದು ಹೆಚ್ಚಾಗಿ ಪಾಲಿಎಥಿಲೀನ್, ಎಷ್ಟೋ ಸಲ ಮರುಬಳಕೆಯದ್ದು, ಸ್ಟೆಬಿಲೈಸರ್ ಇಲ್ಲದ್ದು. ಅದು ಈಗಾಗಲೇ ಬಿಸಿ ಕಂಡಿರುತ್ತದೆ, ಅಂದರೆ ನಾನು ಮೊದಲು ಹೇಳಿದ ಹೈಡ್ರೊಪೆರಾಕ್ಸೈಡ್ ಮತ್ತು ಕಾರ್ಬೊನಿಲ್ ಕಸ ಅದರಲ್ಲಿ ಆಗಲೇ ತುಂಬಿದೆ. ನಿಮ್ಮ ಮೂಲ ಗ್ರೇಡ್‌ನಲ್ಲೇ ಸ್ಟೆಬಿಲೈಸರ್ ಬೆರೆತು ಬರುತ್ತಿದ್ದರೆ, ಈ 25% ಅದನ್ನು ತೆಳುವಾಗಿಸಿದೆ.

ಎರಡನೆಯದು ಅಶುದ್ಧಿ. ಖನಿಜ ನೆಲದಿಂದ ಬರುತ್ತದೆ, ಜೊತೆಗೆ ಕಬ್ಬಿಣ, ಮ್ಯಾಂಗನೀಸ್ ಅಂಥ ಲೋಹಗಳ ಸುಳಿವೂ ಬರುತ್ತದೆ. ಈ ಲೋಹಗಳು ಹೈಡ್ರೊಪೆರಾಕ್ಸೈಡನ್ನು ಒಡೆದು ರ‍್ಯಾಡಿಕಲ್ ಮಾಡುವ ಕ್ಯಾಟಲಿಸ್ಟ್‌ಗಳು. ಪಿಗ್ಮೆಂಟ್ ರೂಪದ ಕಬ್ಬಿಣದ ಆಕ್ಸೈಡ್ ಒಳ್ಳೆಯದು ಎಂದು ಈಗಷ್ಟೇ ಹೇಳಿ, ಕಬ್ಬಿಣ ಕೆಟ್ಟದ್ದು ಎಂದು ಇಲ್ಲಿ ಹೇಳುತ್ತಿದ್ದೇನೆ ಎನಿಸಬಹುದು. ವ್ಯತ್ಯಾಸ ಇರುವುದು ರೂಪದಲ್ಲಿ. ಗಟ್ಟಿ ಆಕ್ಸೈಡ್ ಹರಳಿನೊಳಗೆ ಕಟ್ಟಿಹಾಕಿದ ಕಬ್ಬಿಣ ಬೆಳಕನ್ನು ಹೀರಿ ಸುಮ್ಮನಿರುತ್ತದೆ. ಪ್ಲಾಸ್ಟಿಕ್‌ಗೆ ಬಿಡಿಯಾಗಿ ತಾಗುವ ಕಬ್ಬಿಣದ ಅಯಾನು ಕಿತಾಪತಿ ಮಾಡುತ್ತದೆ. ಹೊಲಕ್ಕೆ ಹಾಸುವ ಮಲ್ಚ್ ಫಿಲ್ಮ್ ಬೇಗ ಪುಡಿಯಾಗಲಿ ಎಂದು ಕೆಲವು ಕಡೆ ಬೇಕೆಂದೇ ಕಬ್ಬಿಣದ ಸಂಯುಕ್ತ ಹಾಕುತ್ತಾರೆ, ಅಂದರೆ ಅದರ ಶಕ್ತಿ ಎಷ್ಟೆಂದು ನೋಡಿ.

ಮೂರನೆಯದು ಸ್ಟೆಬಿಲೈಸರ್ ಕಳ್ಳತನ. ಫಿಲ್ಲರ್‌ನ ಮೈ ದೊಡ್ಡದು, ಅಲ್ಲಿ ಆಂಟಿಆಕ್ಸಿಡೆಂಟ್ ಮತ್ತು ಸ್ಟೆಬಿಲೈಸರ್ ಅಂಟಿಕೊಂಡು ಕೆಲಸಕ್ಕೆ ಬಾರದೆ ಉಳಿಯುತ್ತವೆ. ಟಾಲ್ಕ್, ಕೇಯೊಲಿನ್, ಸಿಲಿಕಾ ಇದರಲ್ಲಿ ಮುಂದೆ. ಸ್ಟಿಯರಿಕ್ ಆಮ್ಲ ಸವರಿದ ಕ್ಯಾಲ್ಸಿಯಂ ಕಾರ್ಬೊನೇಟ್ ಅಷ್ಟು ಕೆಟ್ಟದ್ದಲ್ಲ. ಟಾಲ್ಕ್ ತುಂಬಿದ ಪಾಲಿಪ್ರೊಪಿಲೀನ್ ಬಿಸಿಲಿಗೂ ಬಿಸಿಗೂ ಬೇಗ ಸೋಲುತ್ತದೆ ಎಂಬುದು ಕಾರಿನ ಭಾಗ ಮಾಡುವವರಿಗೆಲ್ಲ ಗೊತ್ತಿರುವ ವಿಷಯ. ಅದಕ್ಕೇ ಅವರು ಸ್ಟೆಬಿಲೈಸರ್ ಹೆಚ್ಚಿಸುತ್ತಾರೆ, ಟಾಲ್ಕ್‌ನ ಮೈ ಮುಚ್ಚಲು ಎಪಾಕ್ಸಿ ರೆಸಿನ್ ಸ್ವಲ್ಪ ಸೇರಿಸುತ್ತಾರೆ. ನಿಮಗೆ ಫಿಲ್ಲರ್ ಬೇಕೇ ಬೇಕು ಎಂದಾದರೆ, ಬಿಸಿಲಿನ ದೃಷ್ಟಿಯಿಂದ ಟಾಲ್ಕ್‌ಗಿಂತ ಸವರಿದ ಕಾರ್ಬೊನೇಟ್ ವಾಸಿ.

ಕೊನೆಯದು ಬಹಳ ಸರಳ, ಹೆಚ್ಚಿನವರು ಮರೆಯುವುದೂ ಇದನ್ನೇ. ಫಿಲ್ಲರ್ ಹಾಕಿದ ಪ್ಲಾಸ್ಟಿಕ್ ಹೊಸದಿರುವಾಗಲೇ ಕಡಿಮೆ ಹಿಗ್ಗುತ್ತದೆ. ಕೈಯಲ್ಲಿರುವುದೇ ಕಡಿಮೆ ಇದ್ದಾಗ ಬಿಸಿಲು ಅದೇ ಪಾಲು ಕಿತ್ತುಕೊಂಡರೂ ಪೆಡಸಾಗುವ ಗಡಿ ಬೇಗ ಬರುತ್ತದೆ. ಕಣದ ಸುತ್ತ ಹಿಡಿತ ಬಿಟ್ಟ ಸಣ್ಣ ಸಂದುಗಳಲ್ಲಿ ಆಮ್ಲಜನಕವೂ ಒಳಗೆ ಇಳಿಯುತ್ತದೆ. ನಿಮ್ಮ ನೀಲಿ ಕುರ್ಚಿ ಮೊದಲೇ ಅಂಚಿನಲ್ಲಿತ್ತು, ಫಿಲ್ಲರ್ ಅದನ್ನು ಆಚೆ ತಳ್ಳಿತು ಎಂದು ನನ್ನ ಅಂದಾಜು. ಕಪ್ಪು ಕುರ್ಚಿಯಲ್ಲೂ ಅದೇ ಫಿಲ್ಲರ್ ಇದೆ, ಆದರೆ ಕಿರಣವೇ ಒಳಗೆ ಬರದಿರುವಾಗ ಫಿಲ್ಲರ್‌ಗೆ ಹಾನಿ ಮಾಡುವ ಅವಕಾಶ ಕಡಿಮೆ.

ಬೇರೆ ಫಿಲ್ಲರ್‌ಗಳ ಬಗ್ಗೆ ಒಂದೆರಡು ಮಾತು. ಗಾಜಿನ ನಾರು ಹಾಕಿದ ವಸ್ತು ಮುರಿಯುವುದು ನಿಧಾನ, ಆದರೆ ಮೇಲಿನ ಪ್ಲಾಸ್ಟಿಕ್ ಸವೆದು ನಾರು ಹೊರಗೆ ಕಾಣುತ್ತದೆ, ಕೈಗೆ ಚುಚ್ಚುತ್ತದೆ. ಮರದ ಪುಡಿಯಲ್ಲಿರುವ ಲಿಗ್ನಿನ್ ಯುವಿ ಹೀರಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಸತುವಿನ ಆಕ್ಸೈಡ್ ಫಿಲ್ಲರ್ ಸಾಲಿಗೆ ಸೇರಿದ್ದಲ್ಲದಿದ್ದರೂ ಹೇಳುತ್ತೇನೆ. ಅದು 380 ನ್ಯಾನೊಮೀಟರ್‌ಗಿಂತ ಕೆಳಗಿನ ಯುವಿಯನ್ನು ಹೀರುತ್ತದೆ, ಆದರೆ ಟೈಟೇನಿಯಂ ಡೈಆಕ್ಸೈಡ್‌ನ ಹಾಗೆ ಅದಕ್ಕೂ ಪ್ಲಾಸ್ಟಿಕ್ ತಿನ್ನುವ ಗುಣ ಇದೆ.

ಸ್ಟೆಬಿಲೈಸರ್ ವಿಷಯಕ್ಕೆ ಬಂದರೆ, ಪಾಲಿಪ್ರೊಪಿಲೀನ್‌ಗೆ ಬಲ ಕೊಡುವುದು ಹಾಲ್ಸ್ (ಹಿಂಡರ್ಡ್ ಅಮೀನ್ ಲೈಟ್ ಸ್ಟೆಬಿಲೈಸರ್) ಎಂದು ಕರೆಯುವ ಗುಂಪು. ಅದು ಬೆಳಕನ್ನು ತಡೆಯುವುದಿಲ್ಲ. ಹುಟ್ಟಿದ ರ‍್ಯಾಡಿಕಲ್‌ಗಳನ್ನು ಹಿಡಿಯುತ್ತದೆ, ಹಿಡಿದು ತಾನು ಮತ್ತೆ ಮೊದಲಿನ ರೂಪಕ್ಕೆ ಬರುತ್ತದೆ. ಹಾಗಾಗಿ ಕಡಿಮೆ ಪ್ರಮಾಣದಲ್ಲೂ ಬಹಳ ಕಾಲ ಕೆಲಸ ಮಾಡುತ್ತದೆ, ಮೇಲ್ಮೈಯನ್ನೂ ಕಾಯುತ್ತದೆ. ಬೆಂಜೊಟ್ರಯಝೋಲ್ ಥರದ ಯುವಿ ಹೀರುಗಗಳು ಒಳಗಿನ ಪ್ಲಾಸ್ಟಿಕ್ಕನ್ನು ಕಾಯುತ್ತವೆ, ಆದರೆ ತೀರಾ ಮೇಲಿನ ಪದರಕ್ಕೆ ಅವುಗಳಿಂದ ಹೆಚ್ಚು ಲಾಭ ಇಲ್ಲ. ದಪ್ಪ ಸಾಮಾನಿಗೆ ಎರಡನ್ನೂ ಕೂಡಿಸಿ ಹಾಕುವುದು ಒಳ್ಳೆಯದು. ಹಾಲ್ಸ್ ಕ್ಷಾರ ಗುಣದ್ದು. ಆಮ್ಲ ಕಂಡರೆ ಕೆಡುತ್ತದೆ. ಬ್ರೋಮಿನ್ ಇರುವ ಬೆಂಕಿ ನಿರೋಧಕ ಅಥವಾ ಗಂಧಕ ಹತ್ತಿರ ಬಂದರೆ ಅದರ ಕೆಲಸ ನಿಲ್ಲುತ್ತದೆ. ಕೆಲವು ಹಳದಿ, ಕೆಂಪು ಸಾವಯವ ಪಿಗ್ಮೆಂಟ್‌ಗಳೂ ಅದರ ಬಲ ಕುಗ್ಗಿಸುತ್ತವೆ. ಎಲ್ಲ ಬಣ್ಣಕ್ಕೂ ಒಂದೇ ಪ್ರಮಾಣ ಎಂಬ ನಿಮ್ಮ ಕ್ರಮವನ್ನು ಬಿಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಪಾಲಿಪ್ರೊಪಿಲೀನ್ ಹೊರಾಂಗಣದ ಸಾಮಾನಿಗೆ ಹಾಲ್ಸ್ 0.2ರಿಂದ 0.5% ನಡುವೆ ಇರುವುದು ರೂಢಿ. ಕಪ್ಪಿಗೆ ಕೆಳತುದಿ ಸಾಕು. ನೀಲಿಗೆ, ಅದರಲ್ಲೂ ಫಿಲ್ಲರ್ ಇರುವ ನೀಲಿಗೆ ಮೇಲ್ತುದಿ ಬೇಕು. ಇದು ಹಾಲ್ಸ್‌ನದೇ ತೂಕ, ಅದರ ಮಾಸ್ಟರ್‌ಬ್ಯಾಚ್‌ನದಲ್ಲ. ಕಾರ್ಬನ್ ಬ್ಲ್ಯಾಕ್‌ನಲ್ಲಿ ಮಾಡಿದ ಗುಣಾಕಾರವನ್ನೇ ಇಲ್ಲೂ ಮಾಡಿ.

ಪರೀಕ್ಷೆ ಮಾಡಿಸುವಾಗ ಪ್ರತಿ ಬಣ್ಣವನ್ನೂ ಬೇರೆ ಬೇರೆಯಾಗಿ ಕಳಿಸಿ, ಫಿಲ್ಲರ್ ಇಲ್ಲದ ಒಂದೊಂದು ತುಂಡೂ ಜೊತೆಗಿರಲಿ. ಝೆನಾನ್ ದೀಪದ ಐಎಸ್‌ಒ 4892-2 ವಿಧಾನ ಬಿಸಿಲಿಗೆ ಹತ್ತಿರ. ಫ್ಲೋರೊಸೆಂಟ್ ದೀಪದ 4892-3 ಆದರೆ ಯುವಿಎ-340 ದೀಪ ಕೇಳಿ. ಯುವಿಬಿ-313 ದೀಪದಲ್ಲಿ ನೆಲದ ಬಿಸಿಲಿನಲ್ಲಿ ಇಲ್ಲದ ಚಿಕ್ಕ ಅಲೆಗಳೂ ಇವೆ. ಅದು ಬೇಗ ಉತ್ತರ ಕೊಡುತ್ತದೆ, ಆದರೆ ಯಾವ ಬಣ್ಣ ಉತ್ತಮ ಎಂಬ ಕ್ರಮವೇ ತಲೆಕೆಳಗಾಗಬಹುದು. ಇಷ್ಟು ಗಂಟೆ ಅಂದರೆ ಇಷ್ಟು ವರ್ಷ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ. ಗಂಟೆಗಳನ್ನು ನಿಮ್ಮದೇ ಕಪ್ಪು ಕುರ್ಚಿಯ ಜೊತೆ ಹೋಲಿಸಿ ನೋಡಿ, ಅದು ನಿಜವಾದ ಅಳತೆಗೋಲು.

ಫಲಿತಾಂಶದಲ್ಲಿ ಬಣ್ಣದ ಅಂಕಿಯ ಜೊತೆಗೆ, ಎಳೆದಾಗ ಹಿಗ್ಗುವ ಪ್ರಮಾಣ ಎಷ್ಟು ಉಳಿದಿದೆ ಎಂದು ಕೇಳಿ. ಮೊದಲಿನ ಅರ್ಧಕ್ಕೆ ಇಳಿದರೆ ಆ ತುಂಡಿನ ಆಯಸ್ಸು ಮುಗಿದಂತೆ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ನಿಮ್ಮ ಕಾರ್ಖಾನೆಯಲ್ಲೇ ಒಂದು ಸುಲಭ ಪರೀಕ್ಷೆ ಮಾಡಬಹುದು. ಬಿಸಿಲಲ್ಲಿದ್ದ ಕುರ್ಚಿಯಿಂದ ಪಟ್ಟಿ ಕತ್ತರಿಸಿ, ಬಿಸಿಲು ಬಿದ್ದ ಮುಖ ಹೊರಗೆ ಬರುವಂತೆ ಬಗ್ಗಿಸಿ. ಆ ಮುಖ ಹಿಗ್ಗಬೇಕಾಗುತ್ತದೆ, ಪೆಡಸಾಗಿದ್ದರೆ ತಕ್ಷಣ ಬಿರುಕು ಕಾಣುತ್ತದೆ. ಅದೇ ಪಟ್ಟಿಯನ್ನು ತಿರುಗಿಸಿ ಬಗ್ಗಿಸಿದರೆ ಏನೂ ಆಗದಿರಬಹುದು, ಮೋಸ ಹೋಗಬೇಡಿ. ಕಣ್ಣಿಗೆ ರಕ್ಷೆ ಹಾಕಿಕೊಂಡು ಮಾಡಿ, ಪೆಡಸಾದ ಪಾಲಿಪ್ರೊಪಿಲೀನ್ ಚೂರಾಗಿ ಸಿಡಿಯುತ್ತದೆ.

ಈಗ ಮಾರುಕಟ್ಟೆಯಲ್ಲಿರುವ ಫಿಲ್ಲರ್ ಹಾಕಿದ ನೀಲಿ ಕುರ್ಚಿಗಳಲ್ಲಿ ಈ ಪರೀಕ್ಷೆಯನ್ನು ಮೊದಲು ಮಾಡಿ. ಪಟ್ಟಿ ಒಡೆದರೆ ಆ ಬ್ಯಾಚ್‌ನ ಕುರ್ಚಿಗಳನ್ನು ವಾಪಸ್ ಕರೆಸಿಕೊಳ್ಳಿ. ಹೊಸದಾಗಿ ಮಾಡುವ ನೀಲಿಯಲ್ಲಿ ಸದ್ಯಕ್ಕೆ ಫಿಲ್ಲರ್ ನಿಲ್ಲಿಸಿ, ಹಾಲ್ಸ್ ಏರಿಸಿ. ಬಿಳಿಯ ಮಾಸ್ಟರ್‌ಬ್ಯಾಚ್ ಬದಲಿಸುವುದು ಅದಾದ ಮೇಲೆ. ನೀಲಿ ಪಿಗ್ಮೆಂಟ್ ಯಾವುದು, ಫಿಲ್ಲರ್‌ಗೆ ಸ್ಟಿಯರಿಕ್ ಆಮ್ಲ ಸವರಿದೆಯಾ, ಬಿರುಕು ಕಾಲಿನ ಯಾವ ಜಾಗದಲ್ಲಿ ಶುರುವಾಗುತ್ತದೆ, ಈ ಮೂರನ್ನು ತಿಳಿದು ಬರೆದರೆ ಪ್ರಮಾಣಗಳನ್ನು ಇನ್ನಷ್ಟು ಖಚಿತವಾಗಿ ಹೇಳುತ್ತೇನೆ.